ಸ್ವರತಂತು ಸೋತಾಗ

ಹಾರ್ಮೋನಿಯಮ್ಮಿನಿಂದ ನಾದ ಹೊರಡುವುದು ಅದರೊಳಗಿನ ಹಿತ್ತಾಳೆಯ ರೀಡು ಗಾಳಿಗೆ ಅದುರುವುದರಿಂದ. ರೀಡು ತನ್ನ ಸೀಳಿನಿಂದ ತೀರ ಮೇಲಕ್ಕೆ ಬಾಗಿದ್ದರೆ ಗಾಳಿ ಬುಸ್ಸೆಂದು ಸೋರುವುದೇ ಹೊರತು ಸ್ವರ ಹುಟ್ಟದು. ನಮ್ಮ ಕಂಠದಲ್ಲಿಯೂ ಹೆಚ್ಚುಕಡಿಮೆ ಇಂಥದೇ ಏರ್ಪಾಡಿದೆ.

ಶ್ವಾಸನಾಳದ ಮೇಲ್ತುದಿಯ ಧ್ವನಿಪೆಟ್ಟಿಗೆಯಲ್ಲಿ ಎರಡು ಸ್ವರತಂತುಗಳಿವೆ. ತಂತುಗಳೆಂದು ಹೆಸರಾದರೂ ಇವು ವೀಣೆಯ ತಂತಿಗಳಂಥವಲ್ಲ. ಸ್ನಾಯುವಿನ ಮೇಲೆ ಮೃದುವಾದ ಪೊರೆ ಹೊದೆದ ಮಡಿಕೆಗಳು. ನುಡಿಯುವಾಗ ಇವೆರಡೂ ಕೂಡಿಕೊಳ್ಳುತ್ತವೆ. ಕೆಳಗಿನಿಂದ ಬರುವ ಗಾಳಿ ಅವನ್ನು ತಳ್ಳಿ ತೆರೆಯುತ್ತದೆ, ಅವು ಮರಳಿ ಮುಚ್ಚುತ್ತವೆ: ಗಂಡಸರಲ್ಲಿ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ. ಒಂದು ತಂತು ನಿಶ್ಚಲವಾಗಿ ಬದಿಗೆ ನಿಂತಿತೆನ್ನಿ, ನಡುವೆ ಸಂದು ಉಳಿಯುತ್ತದೆ. ಆಗ ಮಾತು ಉಸಿರಿನೊಡನೆ ಬೆರೆತು ಕ್ಷೀಣಿಸುತ್ತದೆ. ಕುಡಿದ ನೀರು ಕೂಡ ನೆತ್ತಿಗೇರಬಹುದು.

ತಂತುಗಳನ್ನು ಆಡಿಸುವ ನರದ ಹಾದಿಯೂ ವಿಚಿತ್ರವೇ. ಎಡಗಡೆಯ ನರ ಮಿದುಳಿನಿಂದ ಕೊರಳಿನ ಮೂಲಕ ಎದೆಗಿಳಿದು, ಮಹಾಧಮನಿಯ ಕಮಾನನ್ನು ಬಳಸಿ, ಮತ್ತೆ ಮೇಲೇರಿ ಕಂಠವನ್ನು ಸೇರುತ್ತದೆ. ಪಕ್ಕದ ಮನೆಗೆ ಊರೆಲ್ಲ ಸುತ್ತಿ ಹೋದಂತೆ! ಇಷ್ಟುದ್ದದ ದಾರಿಯಲ್ಲಿ ಎಲ್ಲಿ ಪೆಟ್ಟಾದರೂ ದನಿ ಕೆಡುವುದು. ಥೈರಾಯ್ಡ್ ಗ್ರಂಥಿಯ ಶಸ್ತ್ರಕ್ರಿಯೆಯಲ್ಲಿ ನರಕ್ಕೆ ಘಾಸಿಯಾಗುವುದುಂಟು. ಎದೆಯೊಳಗೆ ಬೆಳೆದ ಗಂತಿ ಅದನ್ನು ಒತ್ತುವುದೂ ಉಂಟು. ಆದಕಾರಣ ವಾರಗಟ್ಟಲೆ ದನಿ ಒಡೆದಿದ್ದರೂ ಕಷಾಯ ಕುಡಿಯುತ್ತ ಕೂರುವುದು ಅಪಾಯಕರ.

ನರ ಕೆಲವೊಮ್ಮೆ ತಿಂಗಳುಗಳ ಮೇಲೆ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಧ್ವನಿಯ ವ್ಯಾಯಾಮ, ಇಲ್ಲವೆ ತಂತುವಿಗೆ ಚುಚ್ಚುಮದ್ದು ನೆರವಾಗುತ್ತದೆ. ತಂತುವನ್ನು ಉಬ್ಬಿಸಿ ನಡುಗೆರೆಗೆ ತರುವುದು ಇದರ ಉದ್ದೇಶ. 1911ರಲ್ಲಿ ಜರ್ಮನಿಯ ಬ್ರೂನಿಂಗ್ಸ್ ಇದಕ್ಕೆ ಪ್ಯಾರಫಿನ್ ಬಳಸಿದನು. ಅದು ದೇಹಕ್ಕೆ ಒಗ್ಗಲಿಲ್ಲ. ಈಗ ಬಳಸುವ ಹಲವು ದ್ರವ್ಯಗಳು ಕಾಲಕ್ರಮದಲ್ಲಿ ದೇಹದಲ್ಲೇ ಕರಗಿಹೋಗುತ್ತವೆ. ಕಾಯುವ ಅವಧಿಗೆ ಅದೇ ಅನುಕೂಲ.

ನರ ಚೇತರಿಸದಿದ್ದರೆ, ಜಪಾನಿನ ಇಶ್ಶಿಕಿ 1974ರಲ್ಲಿ ವಿವರಿಸಿದ ವಿಧಾನವುಂಟು. ಕಂಠದ ಮೃದ್ವಸ್ಥಿಯಲ್ಲಿ ಚಿಕ್ಕ ಕಿಟಕಿ ಕೊರೆದು, ಒಂದು ತುಂಡನ್ನು ಒಳಗೆ ಒತ್ತರಿಸಿ ತಂತುವನ್ನು ನಡುವಿಗೆ ಸರಿಸುವುದು. ತಂತುವಿಗೆ ಚಲನೆ ಮರಳುವುದಿಲ್ಲ. ಆರೋಗ್ಯವಾದ ಇನ್ನೊಂದು ತಂತುವಿಗೆ ಎಟುಕುವಂತೆ ನಿಂತರೆ ಸಾಕು, ಗಾಳಿಯೇ ಎರಡನ್ನೂ ಅದುರಿಸುತ್ತದೆ. ಸಾಮಾನ್ಯವಾಗಿ ರೋಗಿ ಎಚ್ಚರವಾಗಿಯೇ ಇದ್ದು ಮಾತನಾಡುತ್ತಾನೆ. ತಂಬೂರಿಯ ಜೀವಾಳದ ಎಳೆಯನ್ನು ಸರಿಸುತ್ತ ಕಿವಿಗೊಡುವ ಗಾಯಕನಂತೆ ವೈದ್ಯನು ಆಲಿಸುತ್ತ ತುಂಡಿನ ಅಳತೆಯನ್ನು ಹೊಂದಿಸುತ್ತಾನೆ.

ಎರಡೂ ತಂತುಗಳು ಸೋತು ನಡುವೆಯೇ ನಿಂತುಬಿಟ್ಟರೆ ಸಂಕಟ ಬೇರೆ ಬಗೆಯದು. ದನಿ ಚೆನ್ನಾಗಿಯೇ ಇರಬಹುದು, ಆದರೆ ಉಸಿರಿಗೆ ದಾರಿಯಿಲ್ಲ. ಆಗ ವೈದ್ಯನು ಸಂದನ್ನು ಅಗಲಿಸಬೇಕಾಗುತ್ತದೆ. ಅಗಲಿಸಿದಷ್ಟೂ ದನಿ ಕುಗ್ಗುತ್ತದೆ.