ಸೋಡಾ ಕುಡಿದ ಹೊತ್ತು

“ಗ್ಯಾಸ್ ಇರ್ಬೇಕು ಕಣಪ್ಪ, ಒಂದ್ ಸೋಡಾ ತಗಂಬಾ.” ಮಧುಗಿರಿ, ಪಾವಗಡದ ಕಡೆ ಎದೆನೋವಿಗೆ ಮೊದಲ ಮದ್ದು ಇದೇ. ಆಮೇಲೆ ಆಸ್ಪತ್ರೆಯಲ್ಲಿ ಡಾಕ್ಟರು “ಯಾವಾಗಿಂದ ನೋವು?” ಅಂದರೆ “ಬೆಳಗ್ಗೆ ಎದ್ದಾಗಿಂದ” ಅನ್ನುತ್ತಾರೆ. ನಂಬುವುದು ಹೇಗೆ? ನಡುರಾತ್ರಿಯೇ ಶುರುವಾಗಿ, ಎದ್ದ ಮೇಲೆ ಗಮನಕ್ಕೆ ಬಂದಿರಬಹುದಲ್ಲ?

ಅಮೆರಿಕದಲ್ಲಿ ಜೇಮ್ಸ್ ಮುಲ್ಲರ್ ಮತ್ತು ಸಂಗಡಿಗರು ಬಿಡಿಸಬೇಕಾಗಿದ್ದ ಗಂಟೂ ಇದೇ. ರೋಗಿಗಳ ಬಾಯಿಮಾತಿನ ಪ್ರಕಾರ ಹೃದಯಾಘಾತ ಹೆಚ್ಚುವುದು ಬೆಳಗ್ಗೆ ಆರರಿಂದ ಮಧ್ಯಾಹ್ನದೊಳಗೆ. ಅವರು ಅಷ್ಟಕ್ಕೆ ಬಿಡದೆ ರಕ್ತವನ್ನೇ ಸಾಕ್ಷಿ ಕೇಳಿದರು. ಹೃದಯದ ಸ್ನಾಯು ಸಾಯತೊಡಗಿ ಕೆಲವು ತಾಸಿಗೆ ಸಿಕೆ-ಎಂಬಿ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಅದು ಮೊದಲು ಏರಿದ ಹೊತ್ತು ಹಿಡಿದು ಹಿಂದಕ್ಕೆ ಎಣಿಸಿದರೆ ಆಘಾತದ ಗಳಿಗೆ ಸಿಗುತ್ತದೆ. 703 ಮಂದಿಯ ರಕ್ತ ಹೀಗೆ ಸಾಕ್ಷಿ ಹೇಳಿತು. 1985ರಲ್ಲಿ ಪ್ರಕಟವಾದ ಲೆಕ್ಕ: ರಾತ್ರಿ 11ಕ್ಕಿಂತ ಬೆಳಗ್ಗೆ 9ರ ಸುಮಾರಿಗೆ ಮೂರು ಪಟ್ಟು. ರೋಗಿಗಳು ಸುಳ್ಳು ಹೇಳಿರಲಿಲ್ಲ.

ಎರಡು ವರ್ಷ ಬಿಟ್ಟು ಜೆಫ್ರಿ ಟಾಫ್ಲರ್ ತಂಡ 15 ಮಂದಿ ಆರೋಗ್ಯವಂತರ ರಕ್ತ ನೋಡಿತು. ಬೆಳಗ್ಗೆ ಎದ್ದು ಓಡಾಡಿದ ದಿನ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವ ಗುಣ ಏರಿತ್ತು. ಏಳದೆ ಮಲಗೇ ಇದ್ದ ದಿನ ಏರಲಿಲ್ಲ. (ಸೋಮಾರಿಗಳು ಇದನ್ನು ಓದಿ ಹಿಗ್ಗಬೇಕಾಗಿಲ್ಲ.)

ಆದರೆ ನಮ್ಮ ಸೀಮೆಗೆ ಬೇಕಾದ ಗುಟ್ಟು ಹೊರಬಿದ್ದದ್ದು 2005ರಲ್ಲಿ. ಡೇವಿಡ್ ಮ್ಯಾಗಿಡ್ ಮತ್ತಿತರರು ಒಂದು ಲಕ್ಷಕ್ಕೂ ಮೀರಿದ ರೋಗಿಗಳ ದಾಖಲೆ ಜಾಲಾಡಿದರು. ಆಸ್ಪತ್ರೆಯ ಬಾಗಿಲು ದಾಟಿ ಬಲೂನು ಹಾಕಿ ರಕ್ತನಾಳ ತೆರೆಯುವುದಕ್ಕೆ ಕೆಲಸದ ವೇಳೆಯಲ್ಲಿ ಸರಾಸರಿ 94.8 ನಿಮಿಷ, ರಾತ್ರಿ ಮತ್ತು ವಾರಾಂತ್ಯದಲ್ಲಿ 116.1. ಹೆಪ್ಪು ಕರಗಿಸುವ ಮದ್ದಿಗೋ, 33.2 ಮತ್ತು 34.3 ನಿಮಿಷ. ಅಂತರ ಒಂದೇ ನಿಮಿಷ! ಬಲೂನಿಗೆ ತಂಡ ಮನೆಯಿಂದ ಎದ್ದು ಬರಬೇಕು. ಮದ್ದು ಕೊಡಲು ಡ್ಯೂಟಿಯಲ್ಲಿರುವವರೇ ಸಾಕು.

ಪಾವಗಡಕ್ಕೆ ಹೆಚ್ಚುಕಡಿಮೆ ಸುತ್ತಲೂ ಆಂಧ್ರ. ಅಲ್ಲಿಂದ ಮಧುಗಿರಿ, ಕೊರಟಗೆರೆ ಹಾದು ತುಮಕೂರು ಸೇರಲು ಸುಮಾರು 100 ಕಿ.ಮೀ., ಬೆಂಗಳೂರಿಗೆ ಮತ್ತೆ 70. ಶಿರಾದವರಿಗೆ ಹೆದ್ದಾರಿಯಾದರೂ ಇದೆ. ಇಂಥ ಊರುಗಳಿಗೆ ಹೊಂದುವಂಥದ್ದು 2023ರ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯ ಲೆಕ್ಕಾಚಾರ: ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕಡೆಯ ತಜ್ಞರು ಕೂತಲ್ಲೇ ನೋಡುತ್ತಾರೆ, ಅವರು ಹೂಂ ಅಂದರೆ ಹೆಪ್ಪು ಕರಗಿಸುವ ದುಬಾರಿ ಮದ್ದು ಟೆನೆಕ್ಟೆಪ್ಲೇಸ್ ಉಚಿತ. ಅದೇ ಕೆಲಸದ ಇನ್ನೊಂದು ಮದ್ದು ಸ್ಟ್ರೆಪ್ಟೋಕೈನೇಸ್ ಡ್ರಿಪ್‌ನಲ್ಲಿ ಸುಮಾರು ಒಂದು ತಾಸು ಇಳಿಯಬೇಕು. ಟೆನೆಕ್ಟೆಪ್ಲೇಸ್ ಆದರೋ ರೋಗಿಯ ತೂಕ ನೋಡಿ ಅಳೆದು, ಐದು ಸೆಕೆಂಡಿನಲ್ಲಿ ನರಕ್ಕೆ ಚುಚ್ಚಿ ಮುಗಿಸುವಂಥದ್ದು. ಎಲ್ಲರ ಹೆಪ್ಪೂ ಕರಗುವುದಿಲ್ಲ, ರಕ್ತಸ್ರಾವದ ಭಯವೂ ಉಂಟು. ದೊಡ್ಡಾಸ್ಪತ್ರೆಗೆ ಹೋಗುವುದು ತಪ್ಪದು.

ಮ್ಯಾಗಿಡ್ ಲೆಕ್ಕದ 33 ನಿಮಿಷ ಶುರುವಾಗುವುದು ಆಸ್ಪತ್ರೆಯ ಬಾಗಿಲಿನಿಂದ. ಸೋಡಾ ಕುಡಿದು ತೇಗು ಬರಲೆಂದು ಜಗಲಿಯ ಮೇಲೆ ಕೂತ ಹೊತ್ತು ಅದರಲ್ಲಿ ಸೇರಿಲ್ಲ.