ದರ್ಜಿಯ ರೇಖಾಗಣಿತ

ಬೆಂಗಳೂರಿನ ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟಿನಿಂದ ಕವಲೊಡೆಯುವ ಇಕ್ಕಟ್ಟಾದ ಓಣಿಗಳಲ್ಲಿ ನಡೆದು ಹೋಗುವವರ ಕಿವಿಗೆ ಹೊಲಿಗೆಯಂತ್ರಗಳ ಸದ್ದು ಬೀಳದೆ ಇರದು. ಅಂತಹ ಅಂಗಡಿಗಳಲ್ಲಿ ಎತ್ತರವಾದ ಮೇಜಿನ ಹಿಂದೆ, ಕೊರಳಿಗೆ ಅಳತೆಯ ಪಟ್ಟಿಯನ್ನು ಇಳಿಬಿಟ್ಟುಕೊಂಡು ನಿಂತಿರುವ ಒಬ್ಬನನ್ನು ಕಾಣಬಹುದು. ಅವನು ಯಂತ್ರವನ್ನು ತುಳಿಯುವುದಿಲ್ಲ. ಅಳತೆ ತೆಗೆಯುವುದು, ಗೆರೆ ಎಳೆಯುವುದು, ಕತ್ತರಿಸುವುದು ಇವೇ ಅವನ ಕೆಲಸ. ಅಂಗಡಿಯವರೆಲ್ಲರೂ ಅವನನ್ನು ‘ಮಾಸ್ಟರ್’ ಎಂದು ಕರೆಯುತ್ತಾರೆ. ಈ ಗೌರವಕ್ಕೆ ಕಾರಣವಿದೆ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕತ್ತರಿ ತಪ್ಪಿದರೆ ಗಿರಾಕಿಯ ಬಟ್ಟೆಯೇ ಹಾಳಾಗುತ್ತದೆ. ಮದುವೆಗೆಂದು ಕೊಂಡ ರೇಷ್ಮೆಯ ರವಿಕೆಯ ತುಂಡು ಮತ್ತೆ ದೊರೆಯುವಂತಹದಲ್ಲ.

ಸೀರೆ, ಪಂಚೆ, ಶಲ್ಯಗಳು ಮಗ್ಗದಿಂದ ಇಳಿದಂತೆಯೇ ಮೈಗೆ ಏರುತ್ತವೆ. ನೆರಿಗೆ, ಸೆರಗು, ಕಚ್ಚೆಗಳೇ ಅವುಗಳಿಗೆ ಆಕಾರವನ್ನು ಕೊಡುತ್ತವೆ. ಕತ್ತರಿಗೆ ಅಲ್ಲಿ ಕೆಲಸವಿಲ್ಲ. ಹಾಗೆಂದ ಮಾತ್ರಕ್ಕೆ ಸೂಜಿ ನಮ್ಮ ನಾಡಿಗೆ ಹೊಸದಾಗಿ ಬಂದುದೆಂದು ಭಾವಿಸಬಾರದು. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದನು. ಅವನ ಹೆಸರೇ ಅವನ ಕಸುಬನ್ನು ಸಾರುತ್ತದೆ. ಆದರೆ ಮೈಯ ಆಕಾರವನ್ನೇ ಅನುಸರಿಸುವ ಕೋಟು, ಷರಾಯಿಗಳ ಹೊಲಿಗೆಗೆ ಬೆಂಗಳೂರಿನಲ್ಲಿ ಹೆಚ್ಚಿನ ಅವಕಾಶ ಒದಗಿದುದು ದಂಡಿನ ಕಾಲದಲ್ಲಿ. 1809ರಲ್ಲಿ ಬ್ರಿಟಿಷರು ಹಲಸೂರು ಮೊದಲಾದ ಹಳ್ಳಿಗಳ ಆಸುಪಾಸಿನಲ್ಲಿ ತಮ್ಮ ಸೈನ್ಯವನ್ನು ನೆಲೆಗೊಳಿಸಿದರು. ಸೈನ್ಯವಿದ್ದಲ್ಲಿ ಸಮವಸ್ತ್ರ, ಸಮವಸ್ತ್ರವಿದ್ದಲ್ಲಿ ದರ್ಜಿ. 1949ರಲ್ಲಿ ದಂಡು ಪ್ರದೇಶವೂ ಹಳೆಯ ಪೇಟೆಯೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದ ಮೇಲೂ ಹೊಲಿಗೆಯ ಕಸುಬು ಈ ಭಾಗದಲ್ಲಿ ಉಳಿದುಕೊಂಡಿತು.

ಮಾಸ್ಟರನ ಮುಂದಿರುವ ಸಮಸ್ಯೆ ಮೂಲತಃ ಗಣಿತದ ಸಮಸ್ಯೆಯಾಗಿದೆ. ಬಟ್ಟೆ ಸಮತಲವಾದುದು, ಮನುಷ್ಯನ ಮೈ ಹಾಗಿಲ್ಲ. ಹೆಗಲು ಇಳಿಜಾರಾಗಿದೆ, ಬೆನ್ನಿನ ಮೇಲ್ಭಾಗ ಉಬ್ಬಿದೆ, ನಡು ಒಳಸರಿದಿದೆ. ಸಮತಲವಾದ ಹಾಳೆಯನ್ನು ಚೆಂಡಿಗೆ ಸುತ್ತಲು ಪ್ರಯತ್ನಿಸಿ ನೋಡಿ. ಎಲ್ಲಿಯಾದರೂ ಸುಕ್ಕು ಬಿದ್ದೇ ಬೀಳುತ್ತದೆ. ಭೂಗೋಳವನ್ನು ಭೂಪಟವಾಗಿ ಬಿಡಿಸುವವರಿಗೂ ಇದೇ ತೊಡಕು ಎದುರಾಗುತ್ತದೆ. ಭೂಪಟದವರು ಗೋಲವನ್ನು ಚಪ್ಪಟೆ ಮಾಡಬೇಕು, ದರ್ಜಿ ಚಪ್ಪಟೆಯಾದುದನ್ನು ಉಬ್ಬಿಸಬೇಕು. ಇಷ್ಟೇ ವ್ಯತ್ಯಾಸ.

ಈ ಸುಕ್ಕನ್ನು ಹೋಗಲಾಡಿಸುವ ಉಪಾಯವನ್ನು ಒಂದು ಚಿಕ್ಕ ಪ್ರಯೋಗದಿಂದ ತಿಳಿಯಬಹುದು. ಕಾಗದದ ಮೇಲೆ ಒಂದು ವೃತ್ತವನ್ನು ಬರೆದು ಕತ್ತರಿಸಿಕೊಳ್ಳಿ. ಅಂಚಿನಿಂದ ಕೇಂದ್ರದವರೆಗೆ 30 ಡಿಗ್ರಿ ಕೋನದ ಒಂದು ಹೋಳನ್ನು ತೆಗೆದುಹಾಕಿ, ಉಳಿದ ಎರಡು ಅಂಚುಗಳನ್ನು ಕೂಡಿಸಿ. ಚಪ್ಪಟೆಯಾಗಿದ್ದ ಕಾಗದ ಕೂಡಲೇ ಶಂಕುವಾಗಿ ಮೇಲೇಳುತ್ತದೆ. ದರ್ಜಿಯೂ ಇದನ್ನೇ ಮಾಡುತ್ತಾನೆ. ಆದರೆ ಅವನು ಹೋಳನ್ನು ಕತ್ತರಿಸಿ ತೆಗೆಯುವ ಬದಲು ಒಳಕ್ಕೆ ಮಡಿಚಿ ಹೊಲಿಯುತ್ತಾನೆ. ಮೊನಚಾದ ಈ ಮಡಿಕೆಗೆ ‘ಡಾರ್ಟ್’ ಎಂದು ಹೆಸರು. ರವಿಕೆ ಹೊಲಿಯುವವರು ‘ಟಕ್’ ಎಂದೂ ಹೇಳುವುದುಂಟು. ಅದರ ತುದಿ ಯಾವಾಗಲೂ ಮೈಯ ಉಬ್ಬಿನ ಕಡೆಗೆ ಮುಖಮಾಡಿರುತ್ತದೆ. ಮೈಯ ಉಬ್ಬು ಕಾಗದದ ಶಂಕುವಿನಂತೆ ಚೂಪಾಗಿರುವುದಿಲ್ಲವಾದ್ದರಿಂದ ಹೊಲಿಗೆಯನ್ನು ಉಬ್ಬಿನ ತುದಿಗೆ ಸುಮಾರು 2 ಸೆಂಟಿಮೀಟರ್ ಮೊದಲೇ ನಿಲ್ಲಿಸುತ್ತಾರೆ.

ಈಗ ಇನ್ನೊಂದು ವೃತ್ತವನ್ನು ತೆಗೆದುಕೊಂಡು, ಅದೇ 30 ಡಿಗ್ರಿಯ ಹೋಳನ್ನು ಬಲಗಡೆಯ ಬದಲು ಕೆಳಗಡೆಯಿಂದ ತೆಗೆದರೆ ಏನಾಗುತ್ತದೆ? ಶಂಕು ಮೊದಲಿನಷ್ಟೇ ಎತ್ತರವಾಗಿರುತ್ತದೆ. ಹೊಲಿಗೆಯ ಗೆರೆ ಮಾತ್ರ ಬೇರೆಡೆಗೆ ಸರಿದಿರುತ್ತದೆ. ನಮೂನೆ ಬರೆಯುವ ವಿದ್ಯೆಯ ಬಹುಭಾಗ ಈ ಒಂದು ಸಂಗತಿಯ ಮೇಲೆ ನಿಂತಿದೆ. ಉಬ್ಬಿಗೆ ಬೇಕಾದ ಕೋನವನ್ನು ಇಲ್ಲವಾಗಿಸಲು ಆಗದು. ಅದನ್ನು ಬೇಕಾದ ಕಡೆಗೆ ಸರಿಸಬಹುದು. ಹೆಗಲಿನಲ್ಲಿದ್ದ ಡಾರ್ಟನ್ನು ಪಕ್ಕಕ್ಕೆ ಒಯ್ಯಬೇಕಾದಾಗ ಮಾಸ್ಟರನು ಕಾಗದದ ನಮೂನೆಯಲ್ಲಿ ಪಕ್ಕದ ಅಂಚಿನಿಂದ ಉಬ್ಬಿನ ಬಿಂದುವಿನವರೆಗೆ ಸೀಳುತ್ತಾನೆ. ಅನಂತರ ಹೆಗಲಿನ ಡಾರ್ಟನ್ನು ಮಡಿಚಿ ಮುಚ್ಚುತ್ತಾನೆ. ಮುಚ್ಚಿದಷ್ಟು ಕೋನ ಪಕ್ಕದ ಸೀಳಿನಲ್ಲಿ ತಾನಾಗಿಯೇ ಬಾಯಿ ತೆರೆಯುತ್ತದೆ. ಇದಕ್ಕೆ ಲೆಕ್ಕವೂ ಬೇಕಾಗಿಲ್ಲ.

ಕಲಿಯುವವರು ಎಡವುವುದು ಇಲ್ಲಿಯೇ. ಡಾರ್ಟಿನ ಬಾಯಿಯ ಅಗಲವನ್ನು ಅಳೆದು, ಅಷ್ಟೇ ಅಗಲವನ್ನು ಹೊಸ ಜಾಗದಲ್ಲಿ ಗುರುತಿಸುತ್ತಾರೆ. ಕೋನ 15 ಡಿಗ್ರಿ ಇದ್ದು ಉದ್ದ 10 ಸೆಂಟಿಮೀಟರ್ ಆದರೆ ಬಾಯಿಯ ಅಗಲ ಸುಮಾರು 2.6 ಸೆಂಟಿಮೀಟರ್. ಅದೇ ಕೋನದ ಉದ್ದ 20 ಸೆಂಟಿಮೀಟರ್ ಆದರೆ ಬಾಯಿ 5.2 ಸೆಂಟಿಮೀಟರಿನಷ್ಟು ತೆರೆಯುತ್ತದೆ. ಒಯ್ಯಬೇಕಾದುದು ಕೋನವನ್ನೇ ಹೊರತು ಅಗಲವನ್ನಲ್ಲ. ಇದನ್ನು ಅರಿಯದೆ ಕತ್ತರಿಸಿದ ರವಿಕೆ ಒಂದು ಕಡೆ ಜಗ್ಗಿ ಇನ್ನೊಂದು ಕಡೆ ಜೋಲುತ್ತದೆ.

ಡಾರ್ಟನ್ನು ಹೀಗೆ ಸರಿಸುವಾಗ ಅದನ್ನು ಮರೆಮಾಡಲೂ ಸಾಧ್ಯ. ಶಾಲೆಗೆ ತೊಟ್ಟುಹೋಗುವ ಷರಟನ್ನು ತಿರುಗಿಸಿ ನೋಡಿದರೆ, ಹಲವು ಷರಟುಗಳ ಹೆಗಲ ಮೇಲೆ ಬೆನ್ನಿನ ಕಡೆಗೆ ಅಡ್ಡಲಾಗಿ ಹೊಲಿದ ಒಂದು ಪಟ್ಟಿ ಕಾಣುತ್ತದೆ. ಇದನ್ನು ‘ಯೋಕ್’ ಎನ್ನುತ್ತಾರೆ. ಅದು ಕೇವಲ ಅಲಂಕಾರವೆಂದು ತೋರಬಹುದು. ಬೆನ್ನಿನ ಮೂಳೆಯ ಉಬ್ಬಿಗೆ ಹೆಗಲಿನಲ್ಲಿ ಇರಬೇಕಾಗಿದ್ದ ಸಣ್ಣ ಡಾರ್ಟನ್ನು ಆ ಅಡ್ಡಹೊಲಿಗೆಯಲ್ಲಿ ಅಡಗಿಸಲಾಗುತ್ತದೆ ಎಂಬುದು ತೊಟ್ಟವರಿಗೂ ತಿಳಿದಿರುವುದಿಲ್ಲ.

ನಮೂನೆ ಸರಿಯಾಗಿದ್ದರೆ ಸಾಲದು. ಬಟ್ಟೆಯ ಮೇಲೆ ಅದನ್ನು ಇಡುವ ದಿಕ್ಕೂ ಸರಿಯಾಗಿರಬೇಕು. ಮಗ್ಗದಲ್ಲಿ ಬಿಗಿಯಾಗಿ ಕಟ್ಟಿದ ಹಾಸಿನ ಎಳೆಗಳು ಬಟ್ಟೆಯ ಅಂಚಿಗೆ ಸಮಾನಾಂತರವಾಗಿ ಹೋಗುತ್ತವೆ. ಹೊಕ್ಕಿನ ಎಳೆಗಳು ಅವುಗಳಿಗೆ ಲಂಬವಾಗಿರುತ್ತವೆ. ಸಾಮಾನ್ಯವಾಗಿ ಹಾಸು ಹೆಚ್ಚು ಬಲವುಳ್ಳದ್ದು, ಕಡಿಮೆ ಹಿಗ್ಗುವಂತಹುದು. ಆದುದರಿಂದ ಉಡುಪಿನ ಉದ್ದವನ್ನು ಹಾಸಿನ ದಿಕ್ಕಿನಲ್ಲಿಯೇ ಇಡುವುದು ವಾಡಿಕೆ. ನಮೂನೆಯ ಮೇಲೆ ಬಾಣದ ಗುರುತಿನಿಂದ ಇದನ್ನು ಸೂಚಿಸಲಾಗುತ್ತದೆ. ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಹಿಡಿದು ಎಳೆದರೆ ಅದು ಚೆನ್ನಾಗಿ ಹಿಗ್ಗುತ್ತದೆ. ಆ ದಿಕ್ಕಿನಲ್ಲಿ ಯಾವ ಎಳೆಯೂ ಇಲ್ಲದಿರುವುದರಿಂದ ಹಾಸುಹೊಕ್ಕುಗಳ ನಡುವಿನ ಪುಟ್ಟ ಚೌಕಗಳು ವಜ್ರಾಕೃತಿಗೆ ವಾಲುವುದೇ ಇದಕ್ಕೆ ಕಾರಣ. ಕೊರಳಿನ ದುಂಡನೆಯ ಅಂಚಿಗೆ ಹಚ್ಚುವ ಪಟ್ಟಿಯನ್ನು ಓರೆಯಾಗಿಯೇ ಕತ್ತರಿಸುತ್ತಾರೆ. ನೇರವಾಗಿ ಕತ್ತರಿಸಿದ ಪಟ್ಟಿ ದುಂಡಿಗೆ ಬಾಗದೆ ಮುದುರಿಕೊಳ್ಳುತ್ತದೆ. ‘ಕ್ರಾಸ್ ಕಟ್’ ಎಂದು ದರ್ಜಿಗಳು ಹೇಳುವ ರವಿಕೆ ಮೈಗೆ ಹೊಂದಿಕೊಳ್ಳುವುದೂ ಈ ಗುಣದಿಂದಲೇ. ಆದರೆ ಓರೆಯಾಗಿ ಇಟ್ಟಾಗ ಮೂಲೆಗಳಲ್ಲಿ ಬಟ್ಟೆ ಹೆಚ್ಚು ವ್ಯರ್ಥವಾಗುತ್ತದೆ. ಬಟ್ಟೆಯ ಉಳಿತಾಯದ ಚಿಂತೆ ಬಹಳ ಹಳೆಯದು. 1580ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ಹ್ವಾನ್ ದೆ ಅಲ್ಸೆಗ ಎಂಬ ದರ್ಜಿ ಪ್ರಕಟಿಸಿದ ಗ್ರಂಥದಲ್ಲಿ, ಉಡುಪಿನ ಭಾಗಗಳನ್ನು ಬಟ್ಟೆಯ ಮೇಲೆ ಮಿತವ್ಯಯದಿಂದ ಜೋಡಿಸುವ ಚಿತ್ರಗಳಿವೆ.

ವೃತ್ತದ ಪರಿಧಿಯ ಸೂತ್ರ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ಹುಡುಗಿಯರ ದುಂಡು ಲಂಗ ಒಳ್ಳೆಯ ಉತ್ತರವಾಗಿದೆ. ನಡುವಿನ ಸುತ್ತಳತೆ 66 ಸೆಂಟಿಮೀಟರ್ ಇದ್ದರೆ, ಅದನ್ನು 2 × 22/7 ರಿಂದ ಭಾಗಿಸಬೇಕು. ತ್ರಿಜ್ಯ 10.5 ಸೆಂಟಿಮೀಟರ್ ಎಂದು ತಿಳಿಯುತ್ತದೆ. ಬಟ್ಟೆಯನ್ನು ನಾಲ್ಕು ಪದರವಾಗಿ ಮಡಿಚಿ, ಮಡಿಕೆಗಳು ಕೂಡುವ ಮೂಲೆಯಿಂದ ಈ ತ್ರಿಜ್ಯದ ಕಾಲುವೃತ್ತವನ್ನು ಎಳೆಯುತ್ತಾರೆ. ಲಂಗದ ಉದ್ದ 50 ಸೆಂಟಿಮೀಟರ್ ಆದರೆ ಅದೇ ಮೂಲೆಯಿಂದ 60.5 ಸೆಂಟಿಮೀಟರ್ ತ್ರಿಜ್ಯದ ಇನ್ನೊಂದು ಕಾಲುವೃತ್ತ ಬೇಕು. ಆದರೆ ಕತ್ತರಿಸುವ ಗೆರೆಯೂ ಹೊಲಿಯುವ ಗೆರೆಯೂ ಒಂದೇ ಅಲ್ಲ. ಒಳಗಿನ ವೃತ್ತವನ್ನು 10.5ಕ್ಕೇ ಕತ್ತರಿಸಿ, ಅಂಚಿನಿಂದ 1 ಸೆಂಟಿಮೀಟರ್ ಬಿಟ್ಟು ಹೊಲಿದರೆ, ಹೊಲಿಗೆಯ ಗೆರೆಯ ತ್ರಿಜ್ಯ 11.5 ಆಗಿಬಿಡುತ್ತದೆ. ಆಗ ನಡುವಿನ ಸುತ್ತು 72 ಸೆಂಟಿಮೀಟರನ್ನೂ ಮೀರಿ, ಲಂಗ ನಡುವಿನಲ್ಲಿ ನಿಲ್ಲದೆ ಜಾರುತ್ತದೆ. ಕತ್ತರಿಸಬೇಕಾದುದು 9.5ಕ್ಕೆ. ಬೆರಳಿನ ಅಗಲಕ್ಕೂ ಕಡಿಮೆಯ ಅಲಕ್ಷ್ಯ ಸುತ್ತಳತೆಯಲ್ಲಿ ಆರು ಪಟ್ಟಿಗೂ ಮಿಗಿಲಾಗಿ ಬೆಳೆಯುತ್ತದೆ.

ಹೊಲಿಗೆಯ ಅಂಚಿನಂತೆಯೇ ಸಡಿಲಿಗೂ ಜಾಗ ಬಿಡಬೇಕು. ಎದೆಯ ಸುತ್ತಳತೆಗೆ ಸರಿಯಾಗಿ ಹೊಲಿದ ಷರಟನ್ನು ತೊಟ್ಟವನು ಉಸಿರೆಳೆದುಕೊಳ್ಳಲಾರನು, ಕೈ ಎತ್ತಲಾರನು. ಬೆಳೆಯುವ ಮಕ್ಕಳ ಉಡುಪಿನ ಒಳಗೆ ಇನ್ನಷ್ಟು ಬಟ್ಟೆಯನ್ನು ಮಡಿಚಿ ಬಿಡುವ ಪದ್ಧತಿ ನಮ್ಮ ದರ್ಜಿಗಳಲ್ಲಿದೆ. ಮರುವರ್ಷ ಹೊಲಿಗೆ ಬಿಚ್ಚಿ ಅದೇ ಉಡುಪನ್ನು ಅಗಲಗೊಳಿಸಬಹುದು. ಅಳತೆಯ ಜೊತೆಗೆ ಮನೆಯ ಹಣಕಾಸನ್ನೂ ಅರಿತ ಲೆಕ್ಕವಿದು.

ಒಬ್ಬೊಬ್ಬರ ಅಳತೆಗೂ ಹೊಸದಾಗಿ ಗೆರೆ ಎಳೆಯುವ ಬದಲು, ಒಂದೇ ನಮೂನೆಯನ್ನು ಹಲವು ಅಳತೆಗಳಲ್ಲಿ ಸಿದ್ಧಪಡಿಸಿಡುವ ಕ್ರಮವನ್ನು ಅಮೆರಿಕದ ಎಬೆನೆಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ವ್ಯಾಪಾರಕ್ಕೆ ತಂದನು. ಎದೆಯ ಸುತ್ತಳತೆ 4 ಸೆಂಟಿಮೀಟರ್ ಹೆಚ್ಚಿದರೆ, ಮೈಯ ಕಾಲುಭಾಗವನ್ನು ತೋರಿಸುವ ನಮೂನೆಯನ್ನು 1 ಸೆಂಟಿಮೀಟರ್ ಅಗಲಿಸಿದರಾಯಿತು. ಕೊರಳು, ಹೆಗಲುಗಳು ಮಾತ್ರ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಎಲ್ಲ ಕಡೆಯೂ ಸಮನಾಗಿ ಹಿಗ್ಗಿಸಿದರೆ ದೊಡ್ಡ ಅಳತೆಯ ಷರಟಿನ ಹೆಗಲು ತೋಳಿನ ಮೇಲೆ ಜಾರಿ ಬೀಳುತ್ತದೆ.

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಲ್ಲಿ ಬೆಳೆದ ಸಿದ್ಧ ಉಡುಪಿನ ಕಾರ್ಖಾನೆಗಳು ಇದೇ ತತ್ತ್ವವನ್ನು ಅನುಸರಿಸುತ್ತವೆ. ಅಲ್ಲಿ ಬಟ್ಟೆಯನ್ನು ಉದ್ದವಾದ ಮೇಜಿನ ಮೇಲೆ ಪದರದ ಮೇಲೆ ಪದರವಾಗಿ ಹಾಸಿ, ಎಲ್ಲವನ್ನೂ ವಿದ್ಯುತ್ತಿನ ಅಲಗಿನಿಂದ ಒಮ್ಮೆಗೇ ಕತ್ತರಿಸುತ್ತಾರೆ. ನಮೂನೆಗಳನ್ನು ಈಗ ಗಣಕಯಂತ್ರದ ಪರದೆಯ ಮೇಲೆಯೂ ಬರೆಯುತ್ತಾರೆ. ಹೊಲಿಯುವ ಸಾವಿರಾರು ಮಂದಿಯಲ್ಲಿ ಹೆಚ್ಚಿನವರು ಮಹಿಳೆಯರು. ನಮೂನೆಯಲ್ಲಿ ತೋಳಿನ ಅಂಚು ಕಂಕುಳಿನ ಅಂಚಿಗೆ ಹೊಂದದೆ ಇದ್ದರೆ, ಆ ತಪ್ಪು ನೂರು ಪದರಗಳಲ್ಲಿ ನೂರು ಷರಟುಗಳಿಗೆ ಇಳಿಯುತ್ತದೆ. ಅದನ್ನು ಎಳೆದು, ಮುದುರಿ, ಹೇಗಾದರೂ ಕೂಡಿಸಬೇಕಾದ ಕಷ್ಟ ಯಂತ್ರದ ಮುಂದೆ ಕುಳಿತವಳ ಪಾಲಿಗೆ ಬರುತ್ತದೆ. ಆದುದರಿಂದ ರಾಶಿಯನ್ನು ಕತ್ತರಿಸುವ ಮೊದಲು ಒಂದೇ ಒಂದು ಉಡುಪನ್ನು ಹೊಲಿದು ಪರೀಕ್ಷಿಸುತ್ತಾರೆ. ಬೆಲೆಬಾಳುವ ಬಟ್ಟೆಗೆ ಕತ್ತರಿ ಹಾಕುವ ಮುನ್ನ ಅಗ್ಗದ ಕೋರಾ ಬಟ್ಟೆಯಲ್ಲಿ ಮೊದಲು ಹೊಲಿದು, ತೊಡಿಸಿ, ಸುಕ್ಕು ಬಿದ್ದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುವುದೂ ಇದೇ ಉದ್ದೇಶದಿಂದ. ಆ ಗುರುತುಗಳನ್ನು ಕಾಗದದ ನಮೂನೆಗೆ ಇಳಿಸಿ, ಗೆರೆಗಳನ್ನು ತಿದ್ದಿದ ಮೇಲೆಯೇ ರೇಷ್ಮೆಯನ್ನು ಮೇಜಿನ ಮೇಲೆ ಬಿಚ್ಚಲಾಗುತ್ತದೆ.