ಮಂಗೋಲರ ಉಣ್ಣೆಯ ಮನೆಯೂ ಶೀತನಿವಾರಣೆಯೂ

ಮಧ್ಯ ಏಷ್ಯದ ಪಶುಪಾಲಕರ ದುಂಡು ಗುಡಾರವನ್ನು ಹೊರಗಿನವರು ‘ಯುರ್ತ್’ ಎಂದು ಕರೆಯುವರು. ತುರ್ಕಿ ಕುಲದ ಭಾಷೆಗಳಲ್ಲಿ ಈ ಶಬ್ದಕ್ಕೆ ಬೀಡುಬಿಟ್ಟ ನೆಲವೆಂಬುದು ಹಳೆಯ ಅರ್ಥ. ಮಂಗೋಲರಾದರೋ ತಮ್ಮ ವಸತಿಯನ್ನು ‘ಗೆರ್’ ಎನ್ನುವರು; ಅದಕ್ಕೆ ಮನೆಯೆಂದೇ ಅರ್ಥ. ಜನವರಿಯ ರಾತ್ರಿಗಳಲ್ಲಿ ಉಷ್ಣತೆಯು ಸೊನ್ನೆಗಿಂತ 30, ಕೆಲವೆಡೆ 40 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿಳಿಯುವ ಆ ದೇಶದಲ್ಲಿ, ಕಲ್ಲುಮಣ್ಣಿನ ಗೋಡೆಯಿಲ್ಲದ ಈ ಮನೆಯು ಬೆಚ್ಚಗಿರುವುದು ಹೇಗೆಂಬುದು ವಿಚಾರಾರ್ಹವಾಗಿದೆ.

ನಡುಮನೆಯ ಒಲೆಯೇ ಇದಕ್ಕೆ ಕಾರಣವೆಂದು ಮೊದಲು ತೋರುವುದು. ಆದರೆ ಒಲೆಯು ಶಾಖವನ್ನು ಹುಟ್ಟಿಸಬಲ್ಲುದಲ್ಲದೆ ಉಳಿಸಲಾರದು. ಉಳಿಸುವುದು ಮರದ ಜಾಲರಿಗೋಡೆಯ ಮೇಲೆ ಹೊದಿಸಿದ ಉಣ್ಣೆಯ ಹಾಸು. ಇದು ನಮ್ಮ ಕಂಬಳಿಯಂತೆ ನೂತು ನೇಯ್ದುದಲ್ಲ. ಕುರಿಯ ಉಣ್ಣೆಯನ್ನು ಬಡಿದು ಬಿಡಿಸಿ, ಪದರಪದರವಾಗಿ ಹರಡಿ, ನೀರು ಚಿಮುಕಿಸಿ, ಸುರುಳಿ ಸುತ್ತಿ, ಕುದುರೆಯಿಂದಲೋ ಒಂಟೆಯಿಂದಲೋ ಎಳೆಯಿಸಿ ಉರುಳಿಸಿದರೆ ಎಳೆಗಳು ಒಂದರೊಳಗೊಂದು ತೊಡಕಿಕೊಂಡು ಗಟ್ಟಿಯಾಗುವುವು. ಅವುಗಳ ನಡುವೆ ಸಿಕ್ಕಿದ ಗಾಳಿಯು ಚಲಿಸಲಾರದು. ನಿಶ್ಚಲವಾದ ಗಾಳಿಯು ಶಾಖವನ್ನು ಸುಲಭವಾಗಿ ಹೊರಹೋಗಗೊಡದು. ಆದುದರಿಂದಲೇ ಚಳಿಗಾಲದಲ್ಲಿ ಹಾಸಿನ ಮೇಲೆ ಹಾಸು ಹೊದಿಸಿ ಹಗ್ಗಗಳಿಂದ ಬಿಗಿಯುವರು; ಬುಡದ ಸುತ್ತಲೂ ಅಂಚುಕಟ್ಟಿ ನೆಲಗಾಳಿಯನ್ನು ತಡೆಯುವರು; ಬಾಗಿಲನ್ನು ದಕ್ಷಿಣಾಭಿಮುಖವಾಗಿ ಇಡುವರು. ಆಕಾರವೂ ಇದಕ್ಕೆ ಸಹಾಯಕವೇ. ಒಂದೇ ವಿಸ್ತೀರ್ಣದ ನೆಲವನ್ನು ಸುತ್ತುವರಿಯಲು ಚೌಕದ ಗೋಡೆಗಿಂತ ದುಂಡುಗೋಡೆಯ ಉದ್ದವು ನೂರಕ್ಕೆ ಸುಮಾರು 11 ಭಾಗ ಕಡಿಮೆ. ಅಷ್ಟರಮಟ್ಟಿಗೆ ಶಾಖವು ಸೋರುವ ಮೈಯೂ ಕಿರಿದು.

ಇಷ್ಟೆಲ್ಲ ಮುಚ್ಚುವವರು ನೆತ್ತಿಯಲ್ಲಿ ‘ತೋನೊ’ ಎಂಬ ಮರದ ಚಕ್ರವನ್ನಿರಿಸಿ, ಅದರ ಮುಸುಕನ್ನು ಹಗ್ಗದಿಂದ ಎಳೆದು ಬೇಕಾದಂತೆ ತೆರೆದು ಮುಚ್ಚುವರು. ಒಲೆಯ ಹೊಗೆಕೊಳವೆಯು ಹೊರಡುವುದೂ ಅಲ್ಲಿಂದಲೇ. ಗಾಳಿ ಸಾಲದೆ ಉರಿದ ಬೆಂಕಿಯು ಕಾರ್ಬನ್ ಮಾನಾಕ್ಸೈಡ್ ಎಂಬ ಬಣ್ಣವಾಸನೆಗಳಿಲ್ಲದ ವಿಷಾನಿಲವನ್ನು ಹುಟ್ಟಿಸಿ, ಮಲಗಿದವರನ್ನು ಮಲಗಿದಲ್ಲಿಯೇ ಕೊಲ್ಲಬಲ್ಲುದು. ಬೆಚ್ಚಗಿರಬೇಕಾದ ಮನೆಯು ಉಸಿರಾಡಲೂ ಬೇಕು.

ಹುಲ್ಲುಗಾವಲಿನಲ್ಲಿ ‘ಅರ್ಗಲ್’ ಎಂಬ ಒಣಸಗಣಿಯೇ ಉರುವಲು. ರಾಜಧಾನಿಯಾದ ಉಲಾನ್‌ಬಾತರದ ಅಂಚಿನಲ್ಲಿ ನೆಲೆನಿಂತ ಗೆರ್‌ಗಳಲ್ಲಾದರೋ ಕಲ್ಲಿದ್ದಲನ್ನು ಉರಿಸತೊಡಗಿದರು. ಅದರ ಹೊಗೆಯಿಂದ ಚಳಿಗಾಲದ ನಗರದ ಗಾಳಿಯು ಬಹಳವಾಗಿ ಕೆಟ್ಟುದರಿಂದ 2019ರಲ್ಲಿ ಅಲ್ಲಿ ಸಂಸ್ಕರಿಸದ ಕಲ್ಲಿದ್ದಲನ್ನು ನಿಷೇಧಿಸಿದರು. ಉರುವಲನ್ನು ಬದಲಿಸುವುದು ಅರ್ಧ ಪರಿಹಾರ ಮಾತ್ರ. ಹೊದಿಕೆಯು ದಪ್ಪವಾದಷ್ಟೂ ಒಲೆಗೆ ಬೇಕಾದ ಉರುವಲು ಕಡಿಮೆಯಾಗುವುದೆಂಬ ಹುಲ್ಲುಗಾವಲಿನ ಹಳೆಯ ತಿಳಿವಳಿಕೆಯು ನಗರಕ್ಕೂ ಸಲ್ಲುವಂತಹುದು.